ಹೆಪ್ಪುಗಟ್ಟದ ಹಾಲು

(ಬಾನುಲಿ ಭಾಷಣ)

ಹೈನಿನ ವಿಷಯವಾಗಿ ಮಾತನಾಡಲು ಪಶುವೈದ್ಯರನ್ನು ಬಿಟ್ಟು ಕನ್ನಡದ ಮೇಷ್ಟರೊಬ್ಬನನ್ನು ಕರೆದಿರುವುದು ಕೇಳುಗರಲ್ಲಿ ಕೆಲವರಿಗಾದರೂ ಸೋಜಿಗವೆನಿಸಬಹುದು. ಜೀವಮಾನವೆಲ್ಲ ಪಂಪ ರನ್ನರ ಪಾಠ ಹೇಳಿದವನಿಗೆ ಆಕಳ ಕೆಚ್ಚಲಿನ ಗೊಡವೆ ಯಾಕೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿಯೂ ಬಿಟ್ಟ. ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಈ ವಿಷಯದಲ್ಲಿ ನಾನು ತಜ್ಞನಲ್ಲ, ತಪ್ಪಿತಸ್ಥ. ತಜ್ಞರು ಹೇಳುವುದನ್ನು ಹೇಳಿಯೇ ಇದ್ದಾರೆ. ತಪ್ಪಿತಸ್ಥರು ಬಾಯಿ ಬಿಡುವುದು ಕಡಿಮೆ. ಆದಕಾರಣ ನನಗೂ ಹದಿನೈದು ನಿಮಿಷದ ಅವಕಾಶ ಸಲ್ಲುತ್ತದೆಂದು ಭಾವಿಸಿದ್ದೇನೆ.

ನಿವೃತ್ತನಾದ ಮೇಲೆ ಹಾನಗಲ್ಲ ತಾಲೂಕಿನ ನಮ್ಮ ಹಳ್ಳಿಯ ಮನೆಗೆ ಮರಳಿ, ಹಿತ್ತಲಿನ ದನದ ಕೊಟ್ಟಿಗೆಯನ್ನು ದುರಸ್ತಿ ಮಾಡಿಸಿ, ಒಂದು ಮಿಶ್ರತಳಿಯ ಆಕಳನ್ನು ಕಟ್ಟಿದೆ. ದಿನಕ್ಕೆ ಒಂಬತ್ತು ಲೀಟರು ಹಾಲು. ಮನೆಗೆ ಎರಡು, ಉಳಿದ ಏಳು ಊರಿನ ಹಾಲು ಸಂಘಕ್ಕೆ. ಕರು ಹಾಕಿದ ಎರಡನೆಯ ತಿಂಗಳಲ್ಲಿ ಆಕಳ ಹಿಂದಿನ ಎಡಮೊಲೆ ಕೆಂಪಡರಿ ಬಾತುಕೊಂಡಿತು. ಹಿಂಡಿದರೆ ಹಾಲಿನೊಡನೆ ಮೊಸರಿನ ಗಂಟಿನಂಥ ಕಣಗಳು ಬಂದವು. ಇದು ಕೆಚ್ಚಲು ಬಾವು. ಪಶುವೈದ್ಯರು ಬಂದರು, ಮೊಲೆಯ ರಂಧ್ರದ ಮೂಲಕ ಏರಿಸುವ ಔಷಧದ ಕೊಳವೆಗಳನ್ನು ಕೊಟ್ಟರು, ದಿನಕ್ಕೊಂದರಂತೆ ಮೂರು ದಿನ ಹಾಕಬೇಕೆಂದರು. ಹೊರಡುವ ಮುನ್ನ, ಕೊನೆಯ ಕೊಳವೆ ಹಾಕಿದ ಮೇಲೆ ಇನ್ನೂ ನಾಲ್ಕು ದಿನದ ತನಕ ಹಾಲನ್ನು ಡೇರಿಗೆ ಕೊಡಬೇಡಿರೆಂದೂ ಹೇಳಿದರು. ನಾನು ತಲೆಯಾಡಿಸಿದೆ. ನಾಲ್ಕು ದಶಕ ತರಗತಿಯಲ್ಲಿ ತಲೆಯಾಡಿಸುವವರನ್ನು ಎದುರಿಗಿಟ್ಟುಕೊಂಡು ಬಂದವನಿಗೆ ಆ ಆಡಿಸುವಿಕೆಯ ಬೆಲೆ ಗೊತ್ತಿರಬೇಕಿತ್ತು.

ಮೂರನೆಯ ಕೊಳವೆ ಹಾಕಿದ ಮರುದಿನ ಧಾರವಾಡದಲ್ಲಿ ಒಂದು ವಿಚಾರಸಂಕಿರಣವಿತ್ತು. ಹೊರಡುವ ಅವಸರದಲ್ಲಿ ಮನೆಯವಳಿಗೆ, "ಆ ಎಡಮೊಲೆಯ ಹಾಲು ಬೆರಸಬೇಡ" ಎಂದಷ್ಟೇ ಹೇಳಿ ಬಸ್ಸು ಹಿಡಿದೆ. ಅವಳು ನನ್ನ ಮಾತನ್ನು ಅಕ್ಷರಶಃ ಪಾಲಿಸಿದಳು. ಎಡಮೊಲೆಯ ಹಾಲನ್ನು ನೆಲಕ್ಕೆ ಚೆಲ್ಲಿ, ಉಳಿದ ಮೂರು ಮೊಲೆಗಳ ಹಾಲನ್ನು ಎರಡು ದಿನ, ಎರಡೂ ಹೊತ್ತು, ಡೇರಿಗೆ ಕಳಿಸಿದಳು. ನಾನು ಮರಳಿ ಬಂದ ದಿನ ಊಟಕ್ಕೆ ಮೊಸರಿರಲಿಲ್ಲ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಿಗೂ ಹಾಲಾಗಿಯೇ ಉಳಿದಿತ್ತು. ಹೆಪ್ಪು ಹಳತಾಗಿರಬೇಕೆಂದು ನೆರೆಮನೆಯಿಂದ ತಂದು ಮತ್ತೆ ಹಾಕಿದ್ದಳಂತೆ, ಅದೂ ಹಿಡಿಯಲಿಲ್ಲ. ಚಳಿಯ ದಿನವೂ ಅಲ್ಲ. ಅನ್ನದ ತಟ್ಟೆಯ ಮುಂದೆ ಕುಳಿತ ನನಗೆ ವೈದ್ಯರ ಮಾತು ಆಗ ನೆನಪಾಯಿತು. ಕೊಟ್ಟಿಗೆಯ ಗೂಡಿನಲ್ಲಿ ಬಿದ್ದಿದ್ದ ಔಷಧದ ಪೆಟ್ಟಿಗೆಯನ್ನು ತಂದು ಕನ್ನಡಕ ಹಾಕಿಕೊಂಡು ಓದಿದೆ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ, ಹಾಲನ್ನು ತಡೆಹಿಡಿಯಬೇಕಾದ ಅವಧಿ ಅಲ್ಲಿ ಅಚ್ಚಾಗಿತ್ತು.

ಹೆಪ್ಪು ಹಿಡಿಯದಿರಲು ಕಾರಣ ಸರಳವಾದುದು. ಹಾಲನ್ನು ಮೊಸರು ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು. ಕೆಚ್ಚಲಿನ ರೋಗಾಣುಗಳನ್ನು ಕೊಲ್ಲಲು ಹಾಕಿದ ಔಷಧ ಹಾಲಿನಲ್ಲಿ ಉಳಿದಿದ್ದರೆ ಹೆಪ್ಪಿನ ಸಾಧು ಜೀವಿಗಳನ್ನೂ ಅದು ಹತ್ತಿಕ್ಕುತ್ತದೆ. ಅದಕ್ಕೆ ಶತ್ರು ಮಿತ್ರರೆಂಬ ಭೇದವಿಲ್ಲ. ಪ್ರಯೋಗಾಲಯಗಳಲ್ಲಿ ಹಾಲನ್ನು ಪರೀಕ್ಷಿಸುವ ಕ್ರಮವೂ ನಮ್ಮ ಅಡುಗೆಮನೆಯ ಈ ಅನುಭವದ ಬಂಧುವೇ ಆಗಿದೆ. ಡೆಲ್ವೊಟೆಸ್ಟ್ ಎಂಬ ಪ್ರಸಿದ್ಧ ಪರೀಕ್ಷೆಯಲ್ಲಿ ಸಣ್ಣ ಗಾಜಿನ ಕುಪ್ಪಿಯೊಳಗೆ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಕಗಳನ್ನು ನೇರಳೆ ಬಣ್ಣದ ಪಾಕದಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಹಾಲಿನ ಹನಿ ಬಿಟ್ಟು ಸುಮಾರು 64 ಡಿಗ್ರಿ ಕಾವಿನಲ್ಲಿ ಎರಡು ಮೂರು ಗಂಟೆ ಇಟ್ಟರೆ, ಹಾಲು ಚೊಕ್ಕವಾಗಿದ್ದ ಪಕ್ಷದಲ್ಲಿ ಜೀವಿಗಳು ಬೆಳೆದು ಹುಳಿ ಹುಟ್ಟಿಸಿ ಪಾಕವನ್ನು ಹಳದಿಗೆ ತಿರುಗಿಸುತ್ತವೆ. ಔಷಧವಿದ್ದರೆ ನೇರಳೆ ನೇರಳೆಯಾಗಿಯೇ ನಿಲ್ಲುತ್ತದೆ. ಆದರೆ ಒಂದು ಎಚ್ಚರ. ಮನೆಯ ಹೆಪ್ಪು ಅಷ್ಟು ಸೂಕ್ಷ್ಮವಾದ ತಕ್ಕಡಿಯಲ್ಲ. ಮೊಸರು ಹಿಡಿಯಿತೆಂದಮಾತ್ರಕ್ಕೆ ಹಾಲು ನಿರ್ದೋಷಿಯೆಂದು ತೀರ್ಪು ಕೊಡಲಾಗದು; ಸಲ್ಲದ ಪ್ರಮಾಣದ ಔಷಧವಿದ್ದೂ ಮೊಸರು ಹಿಡಿಯಬಹುದು. ಹಿಡಿಯಲಿಲ್ಲವೆಂದರೆ ಮಾತ್ರ ಕೊಟ್ಟಿಗೆಯ ಕಡೆ ಒಮ್ಮೆ ನೋಡಬೇಕು.

ಆಂಟಿಬಯಾಟಿಕ್ ಎಂಬುದಕ್ಕೆ ಪ್ರತಿಜೈವಿಕವೆಂಬ ಪದವನ್ನು ನಮ್ಮ ಪಠ್ಯಪುಸ್ತಕಗಳು ರೂಢಿಗೆ ತಂದಿವೆ. ಹಳ್ಳಿಯಲ್ಲಿ ಯಾರ ಬಾಯಲ್ಲೂ ಆ ಪದವನ್ನು ನಾನು ಕೇಳಿಲ್ಲ. ಅಲ್ಲಿ ಎಲ್ಲಕ್ಕೂ "ಇಂಜೆಕ್ಷನ್" ಎಂದೇ ಹೆಸರು. ಶಕ್ತಿಗೆ ಕೊಡುವ ಸುಣ್ಣದ ಅಂಶದ ಸೂಜಿಯೂ ಇಂಜೆಕ್ಷನ್ನೇ, ಪೆನಿಸಿಲಿನ್ನೂ ಇಂಜೆಕ್ಷನ್ನೇ. ಹೆಸರುಗಳು ಬೇರೆಯಾಗದ ಕಡೆ ಎಚ್ಚರಗಳೂ ಬೇರೆಯಾಗುವುದಿಲ್ಲ. ಇದು ಭಾಷೆಯ ಮೇಷ್ಟರಿಗೆ ಮಾತ್ರ ತೋರುವ ಚಿಂತೆಯೆಂದು ನೀವು ನಕ್ಕರೂ ಸರಿಯೇ.

ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್, 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ ಒಂದು ಎಚ್ಚರಿಕೆ ಕೊಟ್ಟಿದ್ದ. ಕೊಲ್ಲಲು ಸಾಲದಷ್ಟು ಅಲ್ಪ ಪ್ರಮಾಣದಲ್ಲಿ ಈ ಔಷಧವನ್ನು ಉಣಿಸಿದರೆ ರೋಗಾಣುಗಳು ಅದಕ್ಕೆ ಒಗ್ಗಿ ಬಲಿಯುತ್ತವೆ ಎಂಬುದು ಅದರ ತಾತ್ಪರ್ಯ. ಭಾರತದಲ್ಲಿ ಪುಣೆಯ ಬಳಿಯ ಪಿಂಪರಿಯಲ್ಲಿ ಸರ್ಕಾರಿ ಕಾರ್ಖಾನೆ ಪೆನಿಸಿಲಿನ್ ತಯಾರಿಸತೊಡಗಿದ್ದು 1955ರಲ್ಲಿ. ನಮ್ಮ ಹಿರಿಯರ ಕಾಲದಲ್ಲಿ ನ್ಯುಮೋನಿಯಾ ಆದ ಮಗುವನ್ನು ಉಳಿಸಿದ ಅದೇ ಔಷಧ ಈಗ ಕೊಟ್ಟಿಗೆಗೂ ಬಂದಿದೆ. ಬಂದದ್ದು ತಪ್ಪಲ್ಲ, ಆಕಳೂ ನೋವುಣ್ಣುವ ಜೀವ. ಆದರೆ ಹಾಲಿನ ಮೂಲಕ ದಿನದಿನವೂ ಚೂರು ಚೂರಾಗಿ ಮನುಷ್ಯನ ಹೊಟ್ಟೆ ಸೇರಿದಾಗ ಅದು ಫ್ಲೆಮಿಂಗ್ ಅಂಜಿದ ಕೆಲಸಕ್ಕೇ ನೆರವಾಗುತ್ತದೆ. ಪೆನಿಸಿಲಿನ್ ಮೈಗೊಗ್ಗದ ಜನರೂ ಇದ್ದಾರೆ. ಅಂಥವರಿಗೆ ಹಾಲಿನೊಳಗಿನ ಶೇಷವೂ ಮೈಮೇಲೆ ದದ್ದು ಎಬ್ಬಿಸಬಹುದು. ಕಾಯಿಸಿದರೆ ಹೋಗುತ್ತದೆಯೆಂದು ಸಮಾಧಾನಪಡುವಂತಿಲ್ಲ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಔಷಧದ ಬಹುಪಾಲು ಹಾಗೆಯೇ ಉಳಿಯುತ್ತದೆ.

ಎಷ್ಟು ಚೂರು ಎಂಬ ಲೆಕ್ಕವನ್ನು ಆ ರಾತ್ರಿ ನಾನು ಹಳೆಯ ದಿನಚರಿಯ ಹಿಂಬದಿಯಲ್ಲಿ ಮಾಡಿದೆ. ಆಹಾರ ಮಾನಕಗಳನ್ನು ಗೊತ್ತುಪಡಿಸುವ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಯೋಗ ಹಾಲಿನಲ್ಲಿ ಪೆನಿಸಿಲಿನ್ನಿಗೆ ವಿಧಿಸಿರುವ ಮಿತಿ ಲೀಟರಿಗೆ 4 ಮೈಕ್ರೊಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೊಗ್ರಾಂ. ಆದ್ದರಿಂದ ಒಂದು ಗ್ರಾಂ ಪೆನಿಸಿಲಿನ್ ಎರಡೂವರೆ ಲಕ್ಷ ಲೀಟರು ಹಾಲನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲುದು. ಹತ್ತು ಸಾವಿರ ಲೀಟರಿನ ಟ್ಯಾಂಕರಿಗೆ 40 ಮಿಲಿಗ್ರಾಂ ಸಾಕು. ಒಂದು ಕೊಳವೆಯಲ್ಲಿ 200 ಮಿಲಿಗ್ರಾಂ ಇತ್ತೆಂದು ಹಿಡಿಯಿರಿ. ಅದರ ನೂರರಲ್ಲಿ ಒಂದು ಪಾಲು ನಮ್ಮ ಹಾಲಿನಲ್ಲಿ ಹೋಗಿದ್ದರೂ ಐದುನೂರು ಲೀಟರು ಹಾಲು ಅಂಚಿಗೆ ಬಂತು. ನಮ್ಮ ಮನೆಯದು ಏಳು ಲೀಟರಿಗಿಂತ ಕಡಿಮೆ. ಉಳಿದದ್ದು ಊರವರದು, ನೆರೆಯೂರವರದು, ಯಾವ ತಪ್ಪನ್ನೂ ಮಾಡದವರದು. ಸಂಘದಲ್ಲಿ ಹಾಲಿನ ಕೊಬ್ಬು ಅಳೆಯುವ ಯಂತ್ರವಿದೆ, ನೀರು ಬೆರಸಿದರೆ ಹಿಡಿಯುವ ಉಪಾಯವಿದೆ. ಈ ಕಸುವಿನ ಮುಂದೆ ಅವು ಕುರುಡು. ಬಣ್ಣ ಕೆಡದು, ರುಚಿ ಕೆಡದು, ಕೊಬ್ಬು ಇಳಿಯದು.

ಈ ತಪ್ಪು ನನ್ನೊಬ್ಬನದೇ ಇರಲಿಕ್ಕಿಲ್ಲವೆಂಬ ಸಂಶಯದಿಂದ ಅನಂತರದ ತಿಂಗಳುಗಳಲ್ಲಿ ನೆಂಟರ, ಶಿಷ್ಯರ ಮನೆಗೆ ಹೋದಾಗಲೆಲ್ಲ ಕೊಟ್ಟಿಗೆಯ ಮಾತು ತೆಗೆದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ನನಗೆ ಬಳಗವಿದೆ. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ತನಕ ಎಲ್ಲವೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಹಾನಗಲ್ಲಿನ ಕಡೆ ಭತ್ತ, ಮಾವು, ಸವಣೂರಿನಲ್ಲಿ ವೀಳ್ಯದೆಲೆ, ಹಿರೇಕೆರೂರಿನ ಕಡೆ ಗೋವಿನಜೋಳ, ಹತ್ತಿ. ಬೆಳೆ ಯಾವುದಿದ್ದರೂ ಒಂದು ಎರಡು ದನದ ಹೈನು ಮನೆಯ ದಿನದ ಖರ್ಚನ್ನು ಹೊರುತ್ತದೆ. ಈ ಕೊಟ್ಟಿಗೆಗಳಲ್ಲಿ ನಾನು ಕಂಡ ಒಂದು ಸಂಗತಿ ಎಲ್ಲೆಡೆಯೂ ಒಂದೇ ಆಗಿತ್ತು. ವೈದ್ಯರ ಮಾತು ಕೇಳುವವನು ಗಂಡಸು. ಹಾಲು ಹಿಂಡುವವಳು ಹೆಂಗಸು. ಡೇರಿಗೆ ಒಯ್ಯುವವನು ಶಾಲೆಗೆ ಹೋಗುವ ಹುಡುಗ. ಎಚ್ಚರಿಕೆ ಮೊದಲನೆಯವನ ಕಿವಿಯಲ್ಲಿ, ಹಾಲು ಎರಡನೆಯವಳ ಕೈಯಲ್ಲಿ, ಕ್ಯಾನು ಮೂರನೆಯವನ ಸೈಕಲ್ಲಿನಲ್ಲಿ. ನಡುವೆ ಎಲ್ಲಿಯೋ ಮಾತು ಬಿದ್ದುಹೋಗುತ್ತದೆ. ಶಿಗ್ಗಾಂವಿ ಕಡೆಯ ಒಂದು ಮನೆಯಲ್ಲಿ ಅತ್ತೆ ಬೆಳಿಗ್ಗೆ ಹಿಂಡಿದರೆ ಸೊಸೆ ಸಂಜೆ ಹಿಂಡುವಳು. ಅತ್ತೆಗೆ ತಿಳಿದದ್ದು ಸೊಸೆಗೆ ತಿಳಿದಿರಲಿಲ್ಲ. ಹಿರೇಕೆರೂರಿನ ಶಿಷ್ಯನೊಬ್ಬ ಸಂತೆಯಿಂದ ಕರೆಯುವ ಎಮ್ಮೆ ತಂದಿದ್ದ. ಮಾರಿದವನು ಹಿಂದಿನ ವಾರ ಅದಕ್ಕೆ ಏನು ಚುಚ್ಚಿಸಿದ್ದನೆಂದು ಇವನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಹಲ್ಲು ಎಣಿಸಿದೆವು, ಸುಳಿ ನೋಡಿದೆವು ಸರ್, ಇದನ್ನು ಕೇಳಬೇಕೆಂದು ಹೊಳೆಯಲಿಲ್ಲ, ಎಂದ.

ಹಾಲು ಕೆಟ್ಟಿತೆಂದೊಡನೆ ನಮಗೆ ನೆನಪಾಗುವುದು ಯೂರಿಯಾ, ಸೋಪಿನ ಪುಡಿ ಬೆರಸುವ ಖದೀಮರು. ಪತ್ರಿಕೆಗಳಿಗೂ ಅವರೇ ಪ್ರಿಯರು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿ ಮರುವರ್ಷ ಫಲಿತಾಂಶ ಪ್ರಕಟಿಸಿತು. ಆರೋಗ್ಯಕ್ಕೆ ಅಪಾಯ ತರುವಂಥ ಕಲಬೆರಕೆ ಸಿಕ್ಕಿದ್ದು 12 ಮಾದರಿಗಳಲ್ಲಿ. ಮಿತಿ ಮೀರಿದ ಪ್ರತಿಜೈವಿಕ ಸಿಕ್ಕಿದ್ದು 77ರಲ್ಲಿ. ಒಟ್ಟು ಸಂಖ್ಯೆಯೊಡನೆ ಹೋಲಿಸಿದರೆ ಎರಡೂ ಸಣ್ಣವೇ. ಗಾಬರಿಯಿಂದ ಹಾಲು ಬಿಡುವ ಕಾರಣವಿಲ್ಲ. ಆದರೆ ಆ ಹನ್ನೆರಡರ ಹಿಂದೆ ಮೋಸಗಾರರಿದ್ದರೆ ಈ ಎಪ್ಪತ್ತೇಳರ ಹಿಂದೆ ಬಹುಶಃ ನನ್ನಂಥ ಮರೆಗುಳಿಗಳಿದ್ದಾರೆ. ಕಳ್ಳನನ್ನು ಹಿಡಿಯಲು ಪೊಲೀಸರು ಬೇಕು. ಮರೆಗುಳಿಗೆ ಬೇಕಾದದ್ದು ಒಂದು ಗುರುತು.

ಆ ಗುರುತು ಏನೆಂಬುದನ್ನು ಹೇಳುವ ಮೊದಲು, ನಾನು ಮಾಡಿದ ಎಡವಟ್ಟಿನ ಒಳಗುಟ್ಟನ್ನು ವಿವರಿಸಬೇಕು. ಒಂದೇ ಮೊಲೆಗೆ ಏರಿಸಿದ ಔಷಧ ಅಲ್ಲಿಯೇ ಕುಳಿತಿರುವುದಿಲ್ಲ. ಅದು ರಕ್ತಕ್ಕೆ ಇಳಿದು ಕೆಚ್ಚಲಿನ ಉಳಿದ ಮೂರು ಭಾಗಗಳಿಗೂ ಸುತ್ತಿ ಬರಬಹುದು. ಆದ್ದರಿಂದ ನಾಲ್ಕೂ ಮೊಲೆಗಳ ಹಾಲನ್ನು ಬೇರೆಯಿಡಬೇಕು. ತೊಡೆಗೆ ಚುಚ್ಚಿದ ಸೂಜಿಯ ಔಷಧವೂ ಹಾಲಿಗೆ ಬರುತ್ತದೆ. ಮಾಸು ಬೀಳದಿದ್ದಾಗ ಗರ್ಭಕೋಶದಲ್ಲಿಡುವ ಗುಳಿಗೆಯದೂ ಬರಬಹುದು. ದಿನಗಳನ್ನು ಎಣಿಸಬೇಕಾದದ್ದು ಕೊನೆಯ ಸಲ ಔಷಧ ಕೊಟ್ಟ ಹೊತ್ತಿನಿಂದ, ಮೊದಲ ಸಲದಿಂದಲ್ಲ. ಬತ್ತಿಸುವ ಕಾಲದಲ್ಲಿ ಹಾಕುವ ಕೊಳವೆ ಬೇರೆ, ಕರೆಯುವ ಕಾಲದ್ದು ಬೇರೆ. ಬತ್ತಿಸುವಾಗಿನದು ವಾರಗಟ್ಟಲೆ ಕೆಚ್ಚಲಿನಲ್ಲಿ ನಿಲ್ಲಲೆಂದೇ ಮಾಡಿದ್ದು. ಗೂಡಿನಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದರೆ ನಾಲ್ಕು ದಿನದ ಲೆಕ್ಕ ನಡೆಯುವುದಿಲ್ಲ. ಬತ್ತಿಸಿದ ದನ ಎಣಿಸಿದ್ದಕ್ಕಿಂತ ಬೇಗ ಈದರೂ ವೈದ್ಯರನ್ನು ಕೇಳಿಯೇ ಹಾಲು ಕೊಡಬೇಕು. ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಪ್ರಮಾಣ, ಹೆಚ್ಚು ದಿನ ಕೊಟ್ಟರೆ ತಡೆಯುವ ಅವಧಿಯೂ ಬೆಳೆಯುತ್ತದೆ. ಔಷಧದ ಅಂಗಡಿಯಲ್ಲಿ ಹೋದ ವರ್ಷದ ಖಾಲಿ ಡಬ್ಬಿ ತೋರಿಸಿ ಅದನ್ನೇ ಕೊಡಿರೆನ್ನುವ ಜಾಣತನ ಬೇಡ. 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ದೊರೆಯುವ ಏರ್ಪಾಡು ಈಗ ಇದೆ.

ಔಷಧದ ಹೊದಿಕೆಯ ಮೇಲೆ ಈ ಅವಧಿಯನ್ನು ಅಚ್ಚು ಮಾಡಲೇಬೇಕೆಂದು ಭಾರತ ಸರ್ಕಾರ 2012ರ ಜನವರಿಯಲ್ಲಿ ನಿಯಮ ಮಾಡಿದೆ. ಯಾವುದಾದರೂ ಔಷಧಕ್ಕೆ ಅವಧಿ ಗೊತ್ತಾಗಿರದಿದ್ದರೆ ಹಾಲಿಗೆ ಕನಿಷ್ಠ ಏಳು ದಿನ ಎಂದು ಅದೇ ನಿಯಮ ಹೇಳುತ್ತದೆ. ನಿಯಮ ಚೆನ್ನಾಗಿದೆ. ಆದರೆ ಅದನ್ನು ಓದಬೇಕಾದವಳು ಬೆಳಗಿನ ಐದು ಗಂಟೆಗೆ, ಮಂದ ದೀಪದಲ್ಲಿ, ಕರುವನ್ನು ಒಂದು ಕೈಯಲ್ಲಿ ಹಿಡಿದು ಕೊಟ್ಟಿಗೆಯಲ್ಲಿ ನಿಂತಿರುತ್ತಾಳೆ. ಅವಳ ಕಣ್ಣಿಗೆ ಬೀಳುವುದು ಡಬ್ಬಿಯ ಅಕ್ಷರವಲ್ಲ, ದನದ ಮೈ. ಆದುದರಿಂದ ಬರೆಹ ದನದ ಮೈಮೇಲೆಯೇ ಇರಬೇಕು. ಹೊರದೇಶಗಳ ದೊಡ್ಡ ಕೊಟ್ಟಿಗೆಗಳಲ್ಲಿ ಔಷಧ ಕೊಟ್ಟ ದನದ ಹಿಂಗಾಲಿಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಈಗ ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಕಟ್ಟುತ್ತೇವೆ. ಕೊಂಬಿಗೆ ಕಟ್ಟಿದರೆ ಹಬ್ಬದ ಶೃಂಗಾರವೆಂದು ತಿಳಿಯುತ್ತಾರೆ. ಹಿಂಡುವವರ ಕಣ್ಣು ಇರುವುದು ಹಿಂಗಾಲಿನ ಬಳಿ, ಆದ್ದರಿಂದ ಅಲ್ಲಿಯೇ. ಸೂಜಿ ಚುಚ್ಚುವ ಮೊದಲೇ ಕಟ್ಟಬೇಕು, ಚುಚ್ಚಿದ ಮೇಲೆ ಅಲ್ಲ. ಚುಚ್ಚಿದ ಮೇಲೆ ವೈದ್ಯರಿಗೆ ಚಹಾ ಕೊಡುವ ಗಡಿಬಿಡಿ ಇರುತ್ತದೆ. ಕೊಟ್ಟಿಗೆಯ ಬಾಗಿಲಿಗೆ ಮೊಮ್ಮಗನ ಸವೆದ ಪಾಟಿಯನ್ನು ತೂಗುಹಾಕಿ, ಕೊನೆಯ ಔಷಧದ ದಿನ, ಹೊತ್ತು, ಪಟ್ಟಿ ಬಿಚ್ಚುವ ದಿನ, ಈ ಮೂರನ್ನು ಬಳಪದಿಂದ ಬರೆಯುತ್ತೇವೆ. ಪಟ್ಟಿಯ ದನವನ್ನು ಎಲ್ಲಕ್ಕಿಂತ ಕೊನೆಗೆ, ಬೇರೆಯೇ ಪಾತ್ರೆಯಲ್ಲಿ ಹಿಂಡಿ ಕೈ ತೊಳೆಯಬೇಕು. ಆ ಹಾಲನ್ನು ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸುವವರಿದ್ದಾರೆ. ಅಂಥ ಕರುವಿನ ಕರುಳಿನಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಬಲಿಯುತ್ತವೆ. ಬಾವಿ, ಹಳ್ಳಗಳಿಂದ ದೂರ ಗುಂಡಿ ತೋಡಿ ಸುರಿಯುವುದೇ ಲೇಸು.

ಹಾಲು ಚೆಲ್ಲುವುದು ಅಪಶಕುನವೆಂದು ನಮ್ಮ ಮನೆಯ ಹಿರಿಯಳೊಬ್ಬಳು ಆಕ್ಷೇಪಿಸಿದಳು. ಅವಳಿಗೆ ನಾನು ಅವಳದೇ ಸಂಪ್ರದಾಯವನ್ನು ನೆನಪಿಸಿದೆ. ಈದ ಆಕಳ ಹಾಲನ್ನು ಹತ್ತು ದಿನ ದೇವರ ಅಭಿಷೇಕಕ್ಕೆ ಅವಳು ಮುಟ್ಟಿಸುವುದಿಲ್ಲ. ಇದು ಹಳೆಯ ಮಾತು. ಹತ್ತು ದಿನ ಕಳೆಯದ ಹಾಲು ವರ್ಜ್ಯವೆಂದು ಸ್ಮೃತಿಗಳಲ್ಲಿಯೇ ಇದೆ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಹಾನಗಲ್ಲಿನ ಕದಂಬರು ಆ ಚಾಲುಕ್ಯರ ಸಾಮಂತರು. ಶಾಸ್ತ್ರಕಾರರಿಗೆ ಪೆನಿಸಿಲಿನ್ ಗೊತ್ತಿತ್ತೆಂದು ಸಾಧಿಸುವ ಹುಚ್ಚು ನನಗಿಲ್ಲ. ಅಂಥ ಮಾತುಗಳನ್ನು ಕೇಳಿ ಕೇಳಿ ಬೇಸತ್ತವನು ನಾನು. ನಾನು ಹೇಳುವುದಿಷ್ಟೇ: ಹಾಲಿನಲ್ಲಿ ಇಂಥ ದಿನದ್ದು ಸಲ್ಲುವುದಿಲ್ಲ ಎಂದು ದಿನ ಎಣಿಸುವ ಅಭ್ಯಾಸ ನಮ್ಮ ಹೆಂಗಸರಿಗೆ ಹೊಸದಲ್ಲ. ಗಿಣ್ಣದ ಹಾಲನ್ನು ಡೇರಿಗೆ ಹಾಕಬಾರದೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. "ಇದೂ ಒಂದು ಸೂತಕ" ಎಂದೆ. ಮುದುಕಿ ಒಪ್ಪಿದಳು. ನಮ್ಮ ಮನೆಯಲ್ಲಿ ಅದಕ್ಕೆ ಈಗ ಸೂಜಿಸೂತಕವೆಂದೇ ಹೆಸರು. ಪ್ರತಿಜೈವಿಕಶೇಷತಡೆಯವಧಿ ಎಂಬ ಸಮಾಸಕ್ಕಿಂತ ಇದು ವಾಸಿಯೆಂದು ಕನ್ನಡ ಮೇಷ್ಟರಾಗಿಯೂ ಒಪ್ಪುತ್ತೇನೆ.

ಬೇನೆಯೇ ಬಾರದಂತೆ ನೋಡಿಕೊಂಡರೆ ಸೂತಕದ ಪ್ರಶ್ನೆಯೂ ಕಡಿಮೆ. ಹಿಂಡುವ ಮೊದಲು ಕೆಚ್ಚಲು ತೊಳೆದು ಒರಸಬೇಕು. ಮೊದಲ ಒಂದೆರಡು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಬಿಟ್ಟು ಗಂಟು ಬರುತ್ತದೆಯೇ ನೋಡಬೇಕು. ಹಿಂಡಿದ ಮೇಲೆ ಮೊಲೆಯ ರಂಧ್ರ ಅರ್ಧ ಗಂಟೆಯ ತನಕ ತೆರೆದಿರುವುದರಿಂದ ದನ ಕೂಡಲೇ ಸೆಗಣಿಯ ಮೇಲೆ ಮಲಗದಂತೆ ಮುಂದೆ ಮೇವು ಹಾಕಿ ನಿಲ್ಲಿಸಬೇಕು. ಬೇನೆ ಮೊಳಕೆಯಲ್ಲಿದ್ದಾಗ ಲೋಳೆಸರ 250 ಗ್ರಾಂ, ಅರಿಸಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ದಿನಕ್ಕೆ ಹಲವು ಬಾರಿ ಕೆಚ್ಚಲಿಗೆ ಲೇಪಿಸುವ ಕ್ರಮವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿದೆ. ಸವಣೂರಿನ ಎಲೆಗೆ ಹಚ್ಚುವ ಸುಣ್ಣವೇ ಇಲ್ಲಿಗೂ ಒದಗುತ್ತದೆ. ಜ್ವರ ಬಂದ, ಮೇವು ಬಿಟ್ಟ ದನಕ್ಕೆ ಇದನ್ನೇ ನೆಚ್ಚಿ ಕೂರಬಾರದು. ಆಗ ವೈದ್ಯರೇ ಬೇಕು, ಪ್ರತಿಜೈವಿಕವೂ ಬೇಕಾಗಬಹುದು.

ಇನ್ನು ಹಣದ ಮಾತು. ಮೂರು ದಿನ ಔಷಧ, ನಾಲ್ಕು ದಿನ ತಡೆ, ಒಟ್ಟು ಏಳು ದಿನ. ದಿನಕ್ಕೆ ಒಂಬತ್ತು ಲೀಟರಿನಂತೆ 63 ಲೀಟರು. ಲೀಟರಿಗೆ 35 ರೂಪಾಯಿ ಹಿಡಿದರೂ 2,205 ರೂಪಾಯಿ. ಪಿಂಚಣಿಯವನಾದ ನನಗೆ ಇದು ಬೇಸರದ ಸಂಗತಿ. ಒಂದೇ ಆಕಳ ಮೇಲೆ ಕಿರಾಣಿ ಅಂಗಡಿಯ ಬಾಕಿ ತೀರಿಸುವವಳಿಗೆ ಇದು ವಾರದ ಅನ್ನ. ಅವಳಿಗೆ ನೀತಿ ಹೇಳುವ ಹಕ್ಕು ನನಗೆಲ್ಲಿಂದ ಬಂತು? ಮರೆವಿಗೆ ಪಟ್ಟಿ ಸಾಕು, ಬಡತನಕ್ಕೆ ಸಾಲದು. ಅರಿತೂ ಹಾಲು ಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ. ಅವರನ್ನು ಖದೀಮರ ಸಾಲಿಗೆ ಸೇರಿಸಲು ನನಗೆ ಮನಸ್ಸಾಗಲಿಲ್ಲ.

ನನ್ನ ಕತೆಯ ಕೊನೆಯ ಭಾಗ ಉಳಿದಿದೆ. ಮೊಸರಿಲ್ಲದ ಆ ಊಟ ಮುಗಿಸಿ ಸಂಘದ ಕಾರ್ಯದರ್ಶಿಯ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, "ಸರ್, ಟ್ಯಾಂಕರ್ ಹೋಗಿ ಎರಡು ದಿನವಾಯಿತು, ಇದನ್ನು ಬೇರೆ ಯಾರಿಗೂ ಹೇಳಬೇಡಿರಿ" ಎಂದ. ಆತ ಕೆಟ್ಟವನಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೂ ಸ್ಪಷ್ಟವಿರಲಿಲ್ಲ. ಇಡೀ ಊರಿನ ಹಾಲು ತಿರಸ್ಕೃತವಾಗುತ್ತದೆಂಬ ಅಂಜಿಕೆ ಇತ್ತು. ತಪ್ಪು ಒಪ್ಪಿಕೊಂಡವನಿಗೆ ದಂಡ, ಮುಚ್ಚಿಟ್ಟವನಿಗೆ ಹಾಲಿನ ಬಟವಾಡೆ ಎಂಬ ಏರ್ಪಾಡಿನಲ್ಲಿ ಯಾರು ಬಾಯಿ ಬಿಟ್ಟಾರು?

ಆದ್ದರಿಂದ ಸಂಘದ ಸರ್ವಸಾಧಾರಣ ಸಭೆಯಲ್ಲಿ ನನ್ನ ತಪ್ಪನ್ನು ನಾನೇ ಎದ್ದು ಹೇಳಿದೆ. ಇಬ್ಬರು ನಕ್ಕರು, ಒಬ್ಬರು ಸಿಟ್ಟಾದರು, ಹಿಂದಿನ ಸಾಲಿನ ಒಬ್ಬ ಹೆಣ್ಣುಮಗಳು ಎದ್ದು ನಮ್ಮ ಮನೆಯಲ್ಲೂ ಹಿಂಗೇ ಆಗಿತ್ರಿ ಎಂದಳು. ಎರಡು ಸೂಚನೆ ಮುಂದಿಟ್ಟೆ. ದನಕ್ಕೆ ಚಿಕಿತ್ಸೆಯಾಗಿದೆಯೆಂದು ಹಾಲು ಕೊಡುವ ಮೊದಲೇ ಬಂದು ತಿಳಿಸಿದವರ ಹೆಸರನ್ನು ಸಂಘದ ಹಲಗೆಯ ಮೇಲೆ ಬರೆದು, ಅವರು ಹಾಲು ತಾರದ ದಿನಗಳನ್ನು ಗೈರುಹಾಜರಿಯೆಂದು ಎಣಿಸಬಾರದೆಂಬುದು ಒಂದು. ಸಂಘದ ಲಾಭದಿಂದ ಸಣ್ಣ ನಿಧಿ ತೆಗೆದಿಟ್ಟು, ಅಂಥವರಿಗೆ ಚೆಲ್ಲಿದ ಹಾಲಿನ ಅರ್ಧ ಬೆಲೆಯನ್ನಾದರೂ ಕೊಡಬೇಕೆಂಬುದು ಇನ್ನೊಂದು. ಮೊದಲನೆಯದು ಅಂದೇ ಒಪ್ಪಿಗೆಯಾಯಿತು. ಹಲಗೆಯ ಮೇಲೆ ಈಗ ಕೆಲವು ಹೆಸರುಗಳು ಬರುತ್ತಿವೆ, ಒಮ್ಮೆ ನನ್ನದೂ ಬಂತು. ಎರಡನೆಯದಕ್ಕೆ, ನಿಧಿಯ ಆಸೆಗೆ ಇಲ್ಲದ ಬೇನೆ ಹೇಳಿಕೊಂಡು ಬರುವವರನ್ನು ತಡೆಯುವುದು ಹೇಗೆಂದು ಒಬ್ಬ ಸದಸ್ಯರು ಪ್ರಶ್ನೆ ಎತ್ತಿದರು. ವೈದ್ಯರ ಚೀಟಿ ಮತ್ತು ಖಾಲಿ ಕೊಳವೆ ತಂದು ತೋರಿಸಲಿ ಎಂದೆ. ಅದನ್ನು ಬರೆದುಕೊಂಡು ಮುಂದಿನ ಸಭೆಗೆ ಇಟ್ಟಿದ್ದಾರೆ.